ಪಿಎಚ್.ಡಿ. ಆಯಿತು, ಮುಂದೇನು?

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಗೆ ಕರೆಯುವಾಗ ಅಧ್ಯಕ್ಷರು, "ಉನ್ನತ ಶಿಕ್ಷಣದ ಮಹತ್ವದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು. ಮಹತ್ವದ ಬಗ್ಗೆ ಈ ವೇದಿಕೆಯಲ್ಲಿ ಪ್ರತಿ ವರ್ಷ ಮಾತು ನಡೆದೇ ಇದೆ. ಸಿಇಟಿ, ನೀಟ್ ಬಗ್ಗೆ ತಿಳಿಸುವವರೂ ಬೇಕಾದಷ್ಟಿದ್ದಾರೆ. ಆದರೆ ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಪಿಎಚ್.ಡಿ. ಕೊನೆಯ ವರ್ಷದಲ್ಲಿರುವ ಐದಾರು ಮಂದಿ ನನ್ನನ್ನು ಸುತ್ತುವರಿದು ಒಂದೇ ಪ್ರಶ್ನೆ ಕೇಳಿದರು. "ಮೇಡಂ, ಪೋಸ್ಟ್ ಡಾಕ್ ಹುದ್ದೆಗಳು ಎಲ್ಲಿ ಸಿಗುತ್ತವೆ?" ಹಾಗಾಗಿ ಇವತ್ತಿನ ಮಾತು ಮುಖ್ಯವಾಗಿ ಆ ಐದಾರು ಮಂದಿಗೆ. ಉಳಿದವರು ಕೇಳಿಸಿಕೊಳ್ಳಿ, ನಾಳೆ ನಿಮಗೂ ಬೇಕಾದೀತು. ತಂದೆತಾಯಂದಿರು ಖಂಡಿತ ಕೇಳಬೇಕು. ಏಕೆಂದರೆ ಈ ಹಂತದಲ್ಲಿ ನಮ್ಮ ಎಷ್ಟೋ ಮಕ್ಕಳು ಸಂಶೋಧನೆ ಬಿಡುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಮನೆಯಲ್ಲಿ ಇದು ಏನೆಂದು ಯಾರಿಗೂ ಗೊತ್ತಿಲ್ಲದೆ.

ಪೋಸ್ಟ್ ಡಾಕ್ ಎಂದರೆ ಪಿಎಚ್.ಡಿ. ಪಡೆದವರು ಖಾಯಂ ಹುದ್ದೆಗೆ ಹೋಗುವ ಮುಂಚೆ ಇನ್ನೊಬ್ಬ ವಿಜ್ಞಾನಿಯ ಜತೆ ಎರಡು ಮೂರು ವರ್ಷ ಪೂರ್ಣಾವಧಿ ಸಂಶೋಧನೆ ಮಾಡುವುದು. ಪರೀಕ್ಷೆ ಇಲ್ಲ, ಹೊಸ ಪದವಿಯೂ ಸಿಗುವುದಿಲ್ಲ. ಸಂಬಳ ಉಂಟು. ಅವಧಿ ಮುಗಿದ ದಿನ ಕೆಲಸವೂ ಮುಗಿಯಿತು. ಇದನ್ನು ನಾನು ಮನೆಯಲ್ಲಿ ವಿವರಿಸಿದಾಗ ಅಬ್ಬಾ ಹೊಲಿಗೆ ಯಂತ್ರ ನಿಲ್ಲಿಸಿ, "ಡಾಕ್ಟರ್ ಆಯ್ತು ಅಂದೆಯಲ್ಲ ಮಗಳೇ, ಡಾಕ್ಟರ್ ಆದಮೇಲೂ ಕಲಿಯೋದು ಬಾಕಿ ಇರುತ್ತಾ?" ಎಂದು ಕೇಳಿದರು. ನಾನು, "ನಿಮ್ಮ ಹತ್ತಿರ ಕಲಿತ ಹುಡುಗ ಅಂಗಡಿ ಇಡೋಕೆ ಮುಂಚೆ ಬೆಂಗಳೂರಿನಲ್ಲಿ ಇನ್ನೊಬ್ಬ ಮಾಸ್ಟರ್ ಹತ್ತಿರ ಕೋಟು ಹೊಲಿಯೋದು ಕಲಿತು ಬರಲಿಲ್ಲವಾ, ಹಾಗೆ" ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಒಪ್ಪಿಗೆ ಸಿಗಲು ಮಾತ್ರ ಮತ್ತೆ ಎಂಟು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಎಲ್ಲರಿಗೂ ಇದು ಬೇಕೇ? ಬೇಡ. ಪದವಿ ಕಾಲೇಜಿನಲ್ಲಿ ಪಾಠ ಮಾಡುವುದೇ ನಿಮ್ಮ ಇಷ್ಟವಾದರೆ ನೆಟ್ ಅಥವಾ ಕೆ-ಸೆಟ್ ಸಾಕು. 2023ರ ಜುಲೈಯಿಂದ ಯುಜಿಸಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದನ್ನೇ ಕನಿಷ್ಠ ಅರ್ಹತೆ ಮಾಡಿ ಪಿಎಚ್.ಡಿ.ಯನ್ನೂ ಐಚ್ಛಿಕವಾಗಿಸಿತು. ಅಂಥವರು ಪೋಸ್ಟ್ ಡಾಕ್ ಎಂದು ಮೂರು ವರ್ಷ ಅಲೆಯುವುದು ನಷ್ಟದ ವ್ಯಾಪಾರ. ಆದರೆ ಐಐಟಿಯಲ್ಲಿ ಅಧ್ಯಾಪಕರಾಗಬೇಕಾದರೆ ಪಿಎಚ್.ಡಿ. ನಂತರ ಸಾಮಾನ್ಯವಾಗಿ ಮೂರು ವರ್ಷದ ಅನುಭವ ಕೇಳುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆ, ಐಸರ್‌ಗಳು, ರಾಷ್ಟ್ರೀಯ ಪ್ರಯೋಗಾಲಯಗಳಲ್ಲೂ ಅಷ್ಟೆ. ಸ್ವಂತ ಪ್ರಯೋಗಾಲಯ ಕಟ್ಟುವ ಆಸೆ ಇದ್ದವರಿಗೆ ಈ ಬಾಗಿಲು ದಾಟದೆ ದಾರಿಯಿಲ್ಲ. ಮೊದಲು ಆಸೆ ಯಾವುದೆಂದು ಖಚಿತ ಮಾಡಿಕೊಳ್ಳಿ.

ಇನ್ನು ಹುಡುಕುವ ವಿಷಯಕ್ಕೆ ಬರೋಣ. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಪ್ರಬಂಧ ಸಲ್ಲಿಸಿದ ಮರುವಾರ ನಾನು ಒಂದು ಪತ್ರ ಬರೆದೆ. "ಗೌರವಾನ್ವಿತ ಮಹೋದಯರೆ, ತಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ ಸೇವೆ ಸಲ್ಲಿಸುವ ಅವಕಾಶ ಕೋರುತ್ತೇನೆ, ನಾನು ಪರಿಶ್ರಮಿ, ಪ್ರಾಮಾಣಿಕಳು" ಎಂಬ ಧಾಟಿಯದು. ಅದನ್ನೇ ಅರವತ್ತಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಇ-ಮೇಲ್ ಮಾಡಿದೆ. ಬೇಗ ಮುಗಿಸುವ ಭರದಲ್ಲಿ ಜಪಾನಿನ ಒಬ್ಬರಿಗೆ ಕೊರಿಯಾದವರ ಹೆಸರು ಹಾಕಿ ಕಳಿಸಿದ್ದೂ ಉಂಟು. ಬಂದ ಉತ್ತರ ನಾಲ್ಕು. ನಾಲ್ಕೂ 'ಜಾಗ ಇಲ್ಲ' ಎಂಬ ಒಂದು ಸಾಲು. ಆಗ ನಾನು ಏನೆಂದುಕೊಂಡೆ ಗೊತ್ತೆ? ನನ್ನ ಹೆಸರು ನೋಡಿಯೋ, ನಮ್ಮದು ಸಣ್ಣ ವಿಶ್ವವಿದ್ಯಾನಿಲಯ ಎಂದೋ ತಿರಸ್ಕರಿಸುತ್ತಿದ್ದಾರೆ ಎಂದು. ಮುಂದೆ ನಾನೇ ಒಂದು ಪ್ರಯೋಗಾಲಯ ನೋಡಿಕೊಳ್ಳುವಂತಾದಾಗ, ಅದೇ ಧಾಟಿಯ ಪತ್ರಗಳು ನನಗೂ ಬರತೊಡಗಿದವು. ವಿಷಯ ಒಂದೂ ಇಲ್ಲದ ಪತ್ರಕ್ಕೆ ಉತ್ತರ ಬರೆಯುವುದಾದರೂ ಏನನ್ನು? ನಾನೂ ಉತ್ತರಿಸಲಿಲ್ಲ. ಹೆಸರು, ಊರು ನೋಡಿ ತಿರಸ್ಕರಿಸುವವರು ಲೋಕದಲ್ಲಿ ಇಲ್ಲವೆಂದು ನಾನು ಹೇಳಲಾರೆ. ಆದರೆ ನನ್ನ ಆ ಅರವತ್ತು ಪತ್ರಗಳನ್ನು ಕೊಂದದ್ದು ನಾನೇ.

ಅರವತ್ತರ ನಂತರದ ಪತ್ರ ಬೇರೆ ಇತ್ತು. ನನ್ನ ಪಿಎಚ್.ಡಿ. ಟೈಟಾನಿಯಂ ಡೈಆಕ್ಸೈಡ್ ಕುರಿತದ್ದು. ಗೋಡೆಯ ಬಿಳಿ ಬಣ್ಣದಲ್ಲಿರುವ ಅದೇ ಪುಡಿ. ಬೆಳಕು ಬಿದ್ದಾಗ ನೀರಿನಲ್ಲಿರುವ ಬಟ್ಟೆ ಕಾರ್ಖಾನೆಯ ಬಣ್ಣಗಳನ್ನು ಒಡೆಯುತ್ತದೆ. ಜರ್ಮನಿಯ ಒಬ್ಬರ ಪ್ರಬಂಧದಲ್ಲಿ, ಪುಡಿಯನ್ನು ಹೆಚ್ಚು ಕಾಯಿಸಿದಂತೆ ಈ ಶಕ್ತಿ ಕುಗ್ಗುವುದನ್ನು ತೋರಿಸುವ ಒಂದು ಚಿತ್ರವಿತ್ತು. ಅನಟೇಸ್ ರೂಪ ರೂಟೈಲ್ ರೂಪಕ್ಕೆ ಬದಲಾಗುವುದೇ ಕಾರಣ ಎಂದು ಅವರು ಬರೆದಿದ್ದರು. ನನ್ನ ಮಾದರಿಗಳಲ್ಲಿ ರೂಟೈಲ್ ಕಾಣಿಸಿಕೊಳ್ಳುವ ಮುಂಚೆಯೇ ಶಕ್ತಿ ಕುಸಿದಿತ್ತು. ಕಣಗಳು ಒಂದಕ್ಕೊಂದು ಅಂಟಿ ಮೇಲ್ಮೈ ಕಡಿಮೆಯಾದದ್ದು ಕಾರಣವಿರಬಹುದೇ ಎಂದು ಕೇಳಿ, ನನ್ನ ಒಂದು ನಕ್ಷೆ ಲಗತ್ತಿಸಿದೆ. ಕೊನೆಯಲ್ಲಿ, ಮುಂದಿನ ವರ್ಷ ನಾನು ಪೋಸ್ಟ್ ಡಾಕ್ ಹುಡುಕುತ್ತಿದ್ದೇನೆ ಎಂದು ಎರಡು ಸಾಲು. ಮೂರನೆಯ ದಿನ ಉತ್ತರ ಬಂತು, ಅರ್ಧ ಪುಟದ್ದು. ನನ್ನ ವಾದವನ್ನು ಅವರು ಪೂರ್ತಿ ಒಪ್ಪಿರಲಿಲ್ಲ. ತಮ್ಮಲ್ಲಿ ಹಣವಿಲ್ಲವೆಂದೂ, ಪಕ್ಕದ ಊರಿನ ವಿಶ್ವವಿದ್ಯಾನಿಲಯದ ಸ್ನೇಹಿತರಿಗೆ ಹೊಸ ಯೋಜನೆ ಬಂದಿದೆಯೆಂದೂ, ಪತ್ರವನ್ನು ಅವರಿಗೆ ಕಳಿಸಿದ್ದೇನೆಂದೂ ಬರೆದಿದ್ದರು. ನಾನು ಹೋದದ್ದು ಆ ಸ್ನೇಹಿತರ ಹತ್ತಿರ.

ಇದು ನಾನು ಕಂಡುಹಿಡಿದ ಉಪಾಯವಲ್ಲ. 1924ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಯುವ ಅಧ್ಯಾಪಕ ಸತ್ಯೇಂದ್ರನಾಥ ಬೋಸ್ ಒಂದು ಚಿಕ್ಕ ಪ್ರಬಂಧವನ್ನು ಲಗತ್ತಿಸಿ ಐನ್‌ಸ್ಟೈನ್ ಅವರಿಗೆ ಪತ್ರ ಬರೆದರು. ಪರಿಚಯವಿರಲಿಲ್ಲ. ಬೋಸರಿಗೆ ಡಾಕ್ಟರೇಟ್ ಕೂಡ ಇರಲಿಲ್ಲ. ತಮ್ಮನ್ನು ತೆಗೆದುಕೊಳ್ಳಿ ಎಂದು ಅವರು ಕೇಳಲಿಲ್ಲ. ಪ್ರಬಂಧ ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿ ಎಂದರು. ಐನ್‌ಸ್ಟೈನ್ ತಾವೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಆಮೇಲೆ ಅವರು ಬರೆದ ಒಂದು ಅಂಚೆ ಕಾರ್ಡನ್ನು ತೋರಿಸಿದ್ದರಿಂದಲೇ ಬೋಸರಿಗೆ ಯೂರೋಪಿಗೆ ಹೋಗಲು ಎರಡು ವರ್ಷದ ರಜೆ ಸುಲಭವಾಗಿ ಸಿಕ್ಕಿತು. ನಮ್ಮಲ್ಲಿ ಯಾರೂ ಬೋಸ್ ಅಲ್ಲ, ಸರಿ. ಆದರೆ ಆ ಪತ್ರದ ಮುಂದಿದ್ದದ್ದು ಕೆಲಸ, ಹಿಂದಿದ್ದದ್ದು ಮನುಷ್ಯ. ನಮ್ಮ ಪತ್ರಗಳಲ್ಲಿ ಇದು ತಲೆಕೆಳಗಾಗಿರುತ್ತದೆ.

ಯಾರಿಗೆ ಬರೆಯಬೇಕು? ನಿಮ್ಮ ಪಿಎಚ್.ಡಿ. ಪ್ರಬಂಧದ ಕೊನೆಯಲ್ಲಿ ಉಲ್ಲೇಖಗಳ ಪಟ್ಟಿ ಇದೆಯಲ್ಲ, ಅದೇ ನಿಮ್ಮ ವಿಳಾಸ ಪುಸ್ತಕ. ಅದರಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಬರೆದುಕೊಳ್ಳಿ. ಹತ್ತು ಹದಿನೈದು ಸಾಕು. ಅವರ ಕಳೆದ ಎರಡು ವರ್ಷದ ಪ್ರಬಂಧಗಳನ್ನು ನಿಜವಾಗಿ ಓದಿ. ಓದುವಾಗ ಕೊನೆಯಲ್ಲಿರುವ ಕೃತಜ್ಞತೆಯ ಸಾಲುಗಳನ್ನು ಬಿಡಬೇಡಿ. ಯಾವ ಸಂಸ್ಥೆ ಹಣ ಕೊಟ್ಟಿದೆ, ಯೋಜನೆಯ ಸಂಖ್ಯೆ ಏನು ಎಂಬುದು ಅಲ್ಲಿರುತ್ತದೆ. ಅಮೆರಿಕದ ಎನ್ಐಎಚ್ ರಿಪೋರ್ಟರ್, ಯೂರೋಪಿನ ಕಾರ್ಡಿಸ್, ಬ್ರಿಟನ್ನಿನ ಗೇಟ್‌ವೇ ಟು ರಿಸರ್ಚ್ ಎಂಬ ಸಾರ್ವಜನಿಕ ಜಾಲತಾಣಗಳಲ್ಲಿ ಆ ಸಂಖ್ಯೆ ಹಾಕಿದರೆ ಯೋಜನೆ ಯಾವಾಗ ಶುರುವಾಯಿತು, ಯಾವಾಗ ಮುಗಿಯುತ್ತದೆ ಎಂದು ಉಚಿತವಾಗಿ ತಿಳಿಯಬಹುದು. ಈ ವರ್ಷ ಶುರುವಾದ ಯೋಜನೆಗೆ ಕೈಗಳು ಬೇಕು. ಮುಂದಿನ ತಿಂಗಳು ಮುಗಿಯುವ ಯೋಜನೆಯವರು ನಿಮ್ಮನ್ನು ಎಷ್ಟು ಮೆಚ್ಚಿದರೂ ಕೊಡಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಈ ಒಂದು ಕೆಲಸವನ್ನು ನಾನು ಕಂಡ ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ಮಾಡುವುದಿಲ್ಲ.

ಇಲ್ಲಿ ಒಂದು ಮೂಲ ವಿಷಯ ತಿಳಿದಿರಲಿ. ಹಣ ಬರುವುದು ಎರಡು ದಾರಿಯಲ್ಲಿ. ಒಂದು, ಪ್ರಾಧ್ಯಾಪಕರ ಯೋಜನೆಯಲ್ಲಿರುವ ಹಣ. ಅವರು ನಿಮ್ಮನ್ನು ನೇಮಿಸಿಕೊಳ್ಳುತ್ತಾರೆ. ಇನ್ನೊಂದು, ನೀವೇ ಅರ್ಜಿ ಹಾಕಿ ಗೆದ್ದು ತರುವ ಫೆಲೋಶಿಪ್. ಪ್ರಾಧ್ಯಾಪಕರು 'ಹಣವಿಲ್ಲ' ಎಂದರೆ ಅದು ಮೊದಲನೆಯ ದಾರಿ ಮುಚ್ಚಿದೆ ಎಂದಷ್ಟೇ. "ಹಾಗಾದರೆ ತಮ್ಮ ಬೆಂಬಲದಿಂದ ನಾನು ಫೆಲೋಶಿಪ್‌ಗೆ ಅರ್ಜಿ ಹಾಕಬಹುದೇ?" ಎಂದು ಕೇಳಿ. ಖರ್ಚಿಲ್ಲದೆ ಒಬ್ಬ ಸಹೋದ್ಯೋಗಿ ಸಿಗುವುದಾದರೆ ಒಪ್ಪುವವರೇ ಹೆಚ್ಚು.

ಫೆಲೋಶಿಪ್‌ಗಳೆಲ್ಲದರ ಪಟ್ಟಿ ಓದಿ ನಿಮ್ಮನ್ನು ದಣಿಸುವುದಿಲ್ಲ. ನಮ್ಮ ದೇಶದಲ್ಲಿ ಮುಖ್ಯವಾದದ್ದು ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್. ಮೊದಲು ಸರ್ಬ್ ಕೊಡುತ್ತಿತ್ತು. 2024ರಲ್ಲಿ ಆ ಸಂಸ್ಥೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಯಿತು. ಅವಧಿ ಎರಡು ವರ್ಷ. ವಯೋಮಿತಿ 35, ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಮಹಾಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ವಿಶ್ವವಿದ್ಯಾನಿಲಯಗಳಲ್ಲಿ ಕೆಲಸ ಮಾಡಲು ಯುಜಿಸಿ ಕೊಡುತ್ತಿದ್ದ ಡಿ.ಎಸ್. ಕೊಠಾರಿ ಫೆಲೋಶಿಪ್ ಬಗ್ಗೆ ಹಿರಿಯರು ನಿಮಗೆ ಹೇಳಿರುತ್ತಾರೆ. ಹಳೆಯ ಹೆಸರು ಹಿಡಿದು ಹುಡುಕಬೇಡಿ. 2022ರ ಶಿಕ್ಷಕರ ದಿನದಂದು ಯುಜಿಸಿ ಡಾ. ರಾಧಾಕೃಷ್ಣನ್ ಹೆಸರಿನಲ್ಲಿ ಹೊಸ ಪೋಸ್ಟ್ ಡಾಕ್ ಫೆಲೋಶಿಪ್ ಪ್ರಕಟಿಸಿತು. ಕೊಠಾರಿಯವರ ಹೆಸರು ಈಗ ಹೊಸದಾಗಿ ನೇಮಕವಾದ ಅಧ್ಯಾಪಕರ ಅನುದಾನಕ್ಕೆ ಹೋಗಿದೆ. ಹಾಗೆಯೇ, ನಮ್ಮ ಸಂಘದ ಎಷ್ಟೋ ಮಕ್ಕಳು ಪಿಎಚ್.ಡಿ. ಮಾಡಲು ನೆರವಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತಿದೆ. ಆ ನಷ್ಟ ಸಣ್ಣದಲ್ಲ. ಪಿಎಚ್.ಡಿ.ಗೆ ಬರುವವರೇ ಕಡಿಮೆಯಾದರೆ ಹತ್ತು ವರ್ಷದ ನಂತರ ಈ ಭಾಷಣ ಕೇಳಲು ಯಾರಿರುತ್ತಾರೆ? ಈ ಬಗ್ಗೆ ಸಂಘದ ಹಿರಿಯರು ಯೋಚಿಸಬೇಕು.

ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿ ಸೇರುವವರಿಗೆ 2023ರ ಜನವರಿಯಿಂದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನಿಗದಿ ಮಾಡಿದ ಮೊತ್ತ ಹಂತಕ್ಕೆ ತಕ್ಕಂತೆ ತಿಂಗಳಿಗೆ 58,000, 61,000, 67,000 ರೂಪಾಯಿ, ಜತೆಗೆ ಮನೆ ಬಾಡಿಗೆ ಭತ್ಯೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹಣ ತಿಂಗಳುಗಟ್ಟಲೆ ತಡವಾಗಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯ ಸಾಲದ ಕಂತು ನಿಮ್ಮ ಹೆಗಲ ಮೇಲಿದ್ದರೆ, ಸೇರುವ ಮುಂಚೆ ಆರು ತಿಂಗಳ ಖರ್ಚು ಕೂಡಿಟ್ಟುಕೊಳ್ಳಿ.

ಹೊರದೇಶವೇ ಆಗಬೇಕೆಂದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮವರಿಗೆ ಈ ವಿಷಯದಲ್ಲಿ ಚೆನ್ನಾಗಿ ಒಪ್ಪುತ್ತದೆ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲುಪುವ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಜವಾಹರಲಾಲ್ ನೆಹರೂ ಕೇಂದ್ರ ಇದೆ, ರಾಮನ್ ಸಂಶೋಧನಾ ಸಂಸ್ಥೆ ಇದೆ, ಜೀವವಿಜ್ಞಾನಕ್ಕೆ ಎನ್‌ಸಿಬಿಎಸ್ ಇದೆ. ಅಲ್ಲಿಗೆ ಒಂದು ಸಲವೂ ಹೋಗದೆ ಬೋಸ್ಟನ್ನಿಗೆ ಪತ್ರ ಬರೆಯುವವರನ್ನು ನೋಡಿದ್ದೇನೆ. ಅಲ್ಲಿ ನಡೆಯುವ ಉಪನ್ಯಾಸಗಳಲ್ಲಿ ಎಷ್ಟೋ ಎಲ್ಲರಿಗೂ ತೆರೆದಿರುತ್ತವೆ. ಹೋಗಿ ಕುಳಿತುಕೊಳ್ಳಿ, ಒಂದು ಪ್ರಶ್ನೆ ಕೇಳಿ.

ಹೊರದೇಶಕ್ಕೆ ಹೋಗುವುದಾದರೆ ಜರ್ಮನಿಯ ಹಂಬೋಲ್ಟ್ ಫೆಲೋಶಿಪ್ ಪಿಎಚ್.ಡಿ. ಮುಗಿದು ನಾಲ್ಕು ವರ್ಷದೊಳಗಿನವರಿಗೆ ಸಿಗುತ್ತದೆ. ದೇಶಕ್ಕಿಷ್ಟು, ವಿಷಯಕ್ಕಿಷ್ಟು ಎಂಬ ಹಂಚಿಕೆ ಅದರಲ್ಲಿಲ್ಲ. ಯೂರೋಪ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಕೊನೆಯ ದಿನಾಂಕ ಸಾಮಾನ್ಯವಾಗಿ ಸೆಪ್ಟೆಂಬರ್. ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೀವು ಹೋಗುವ ದೇಶದಲ್ಲೇ ಇದ್ದಿರಬಾರದು ಎಂಬ ನಿಯಮವಿದೆ. ಊರು ಬಿಡದೆ ಓದಿದ ನಮ್ಮ ಮಕ್ಕಳಿಗೆ ಅಪರೂಪಕ್ಕೆ ಅನುಕೂಲವಾಗುವ ನಿಯಮ! ಜಪಾನಿನದು ಜೆಎಸ್‌ಪಿಎಸ್. ಎಲ್ಲದಕ್ಕೂ ಅಲ್ಲಿನ ಒಬ್ಬ ಪ್ರಾಧ್ಯಾಪಕರ ಒಪ್ಪಿಗೆ ಮೊದಲು ಬೇಕು. ಸುತ್ತಿ ಬಳಸಿ ಮತ್ತೆ ಪತ್ರಕ್ಕೇ ಬಂದೆವು. ಅಮೆರಿಕಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. 2025ರಲ್ಲಿ ಅಲ್ಲಿನ ಸರಕಾರ ನಡುವೆಯೇ ಎಷ್ಟೋ ಸಂಶೋಧನಾ ಅನುದಾನಗಳನ್ನು ರದ್ದು ಮಾಡಿತು. ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಹೋಗಬೇಡಿ ಎನ್ನುವುದಿಲ್ಲ. ಹಣ ಎಷ್ಟು ವರ್ಷಕ್ಕಿದೆ, ಯಾವ ವೀಸಾ ಎಂಬುದನ್ನು ಬರಹದಲ್ಲಿ ಪಡೆದು ಹೊರಡಿ.

ಯಾವಾಗ ಶುರು ಮಾಡಬೇಕು? ಮಹಾಪ್ರಬಂಧ ಸಲ್ಲಿಸುವ ಒಂದು ವರ್ಷ ಮುಂಚೆ. ಖಗೋಳ ವಿಜ್ಞಾನ, ಸೈದ್ಧಾಂತಿಕ ಭೌತವಿಜ್ಞಾನ, ಗಣಿತದವರಿಗೆ ಇದು ಸುಗ್ಗಿಯ ಹಾಗೆ. ಹೆಚ್ಚಿನ ಅರ್ಜಿಗಳು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಸೇರುವುದು ಮುಂದಿನ ಸೆಪ್ಟೆಂಬರ್ ಹೊತ್ತಿಗೆ. ಅದು ತಪ್ಪಿದರೆ ಒಂದು ವರ್ಷ ಹೋಯಿತು. ರಸಾಯನ, ಜೀವವಿಜ್ಞಾನದವರಿಗೆ ಕಾಲ ಎಂಬುದಿಲ್ಲ.

ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ಬಹುಮಟ್ಟಿಗೆ ಮೂವರದು ಬೇಕಾಗುತ್ತದೆ. ಮೊದಲನೆಯವರು ನಿಮ್ಮ ಮಾರ್ಗದರ್ಶಕರು, ಎರಡನೆಯವರು ವಿಭಾಗದ ಇನ್ನೊಬ್ಬರು. ಮೂರನೆಯವರು ಯಾರು ಎಂಬಲ್ಲಿ ನಮ್ಮ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ವಿಭಾಗದ ಹೊರಗೆ ಅವರನ್ನು ಬಲ್ಲವರಿರುವುದಿಲ್ಲ. ಪಿಎಚ್.ಡಿ. ಎರಡನೆಯ ವರ್ಷದಿಂದಲೇ ಸಮ್ಮೇಳನಗಳಿಗೆ ಹೋಗಿ, ಭಿತ್ತಿಪತ್ರ ಪ್ರದರ್ಶನದಲ್ಲಿ ನಿಲ್ಲಿ, ನಿಮ್ಮ ಕೆಲಸ ಕೇಳಿದವರಿಗೆ ಮರುವಾರ ಪತ್ರ ಬರೆಯಿರಿ. ಮೂರನೆಯವರು ಅಲ್ಲಿ ಸಿಗುತ್ತಾರೆ. ಮೂವತ್ತು ಮಂದಿಯ ಎದುರು ನಿಂತು ಕೈ ನಡುಗುವ ಹುಡುಗಿಯರಿಗೆ ಹೇಳುತ್ತೇನೆ, ನನ್ನದೂ ನಡುಗುತ್ತಿತ್ತು. ನನ್ನ ಮೊದಲ ಭಿತ್ತಿಪತ್ರದ ಮುಂದೆ ಮೂರು ತಾಸಿನಲ್ಲಿ ಬಂದವರು ಇಬ್ಬರು. ಅವರಲ್ಲಿ ಒಬ್ಬರು ಊಟದ ಕೋಣೆ ಎಲ್ಲಿದೆ ಎಂದು ಕೇಳಲು ಬಂದಿದ್ದರು.

ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳುವ ಹಾಗೆ ನೀವೂ ಅವರನ್ನು ಕೇಳಬೇಕು. ಹಣ ಎಷ್ಟು ವರ್ಷಕ್ಕಿದೆ? ನಿಮ್ಮಲ್ಲಿ ಇದ್ದು ಹೋದ ಪೋಸ್ಟ್ ಡಾಕ್‌ಗಳು ಈಗ ಎಲ್ಲಿದ್ದಾರೆ? ಹೋಗುವಾಗ ನನ್ನ ಸಮಸ್ಯೆಯನ್ನು ನನ್ನ ಜತೆ ಒಯ್ಯಬಹುದೇ? ಈ ಮೂರನೆಯ ಪ್ರಶ್ನೆ ಕೇಳದೆ ಹೋದದ್ದಕ್ಕೆ ನಾನು ಬೆಲೆ ತೆತ್ತಿದ್ದೇನೆ. ಎರಡು ವರ್ಷ ದುಡಿದು ಹಿಂತಿರುಗಿದಾಗ ಆ ಕೆಲಸ ಅಲ್ಲಿಯೇ ಉಳಿಯಿತು. ಇಲ್ಲಿ ನಾನು ಮೊದಲಿನಿಂದ ಶುರು ಮಾಡಬೇಕಾಯಿತು.

ಏನನ್ನು ಒಯ್ಯುತ್ತೀರಿ ಎಂಬುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಹರಗೋಬಿಂದ ಖೊರಾನಾ ಅವರನ್ನು ನೋಡಿ. ಲಿವರ್‌ಪೂಲಿನಲ್ಲಿ ಪಿಎಚ್.ಡಿ. ಮುಗಿಸಿ 1948ರಲ್ಲಿ ಜ್ಯೂರಿಕ್‌ಗೆ ಪ್ರೆಲಾಗ್ ಅವರ ಬಳಿ ಹೋದರು, ಸಂಬಳವಿಲ್ಲದೆ, ಕೂಡಿಟ್ಟ ಹಣದಲ್ಲಿ. ಅಲ್ಲಿ ಜರ್ಮನ್ ಗ್ರಂಥಗಳಲ್ಲಿ ಕಾರ್ಬೋಡೈಇಮೈಡ್ ಎಂಬ ರಾಸಾಯನಿಕಗಳ ಬಗ್ಗೆ ಓದಿದರು. ಮರುವರ್ಷ ಭಾರತಕ್ಕೆ ಬಂದರೆ ಕೆಲಸ ಸಿಗಲಿಲ್ಲ. ಮತ್ತೆ ಕೇಂಬ್ರಿಜ್, 1952ರಲ್ಲಿ ಕೆನಡಾ. ಜ್ಯೂರಿಕ್‌ನಲ್ಲಿ ಓದಿಕೊಂಡ ಆ ರಾಸಾಯನಿಕವೇ ಮುಂದೆ ಅವರ ಕೈಯಲ್ಲಿ ನ್ಯೂಕ್ಲಿಯೊಟೈಡ್‌ಗಳನ್ನು ಕೂಡಿಸುವ ಸಾಧನವಾಯಿತು. 1968ರಲ್ಲಿ ನೊಬೆಲ್ ಬಂತು. ಸಂಬಳವಿಲ್ಲದೆ ಹೋಗಿ ಎಂದು ಇದರ ಅರ್ಥ ಮಾಡಬೇಡಿ. ನಮ್ಮ ಮನೆಗಳ ಮಕ್ಕಳಿಗೆ ಅದು ಆಗದ ಮಾತು. ಪುಕ್ಕಟೆ ದುಡಿಸಿಕೊಳ್ಳುವವರ ಬಗ್ಗೆ ನನಗೆ ಗೌರವವೂ ಇಲ್ಲ. ಹುದ್ದೆ ಕೊಡಿಸುತ್ತೇವೆ, ಇಷ್ಟು ಹಣ ಕಟ್ಟಿ ಎನ್ನುವವರಿಂದಂತೂ ದೂರವಿರಿ. ಯಾವ ಸಾಚಾ ವಿಶ್ವವಿದ್ಯಾನಿಲಯವೂ ನೇಮಕಾತಿಗೆ ನಿಮ್ಮಿಂದ ಹಣ ಕೇಳುವುದಿಲ್ಲ.

ನಿರಾಕರಣೆ ಬರುತ್ತದೆ. ವೆಂಕಟರಾಮನ್ ರಾಮಕೃಷ್ಣನ್ ಯೇಲ್‌ನಲ್ಲಿ ಪೋಸ್ಟ್ ಡಾಕ್ ಮುಗಿಸಿ ಸುಮಾರು ಐವತ್ತು ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಿದ್ದರು. ಅಧ್ಯಾಪಕ ಹುದ್ದೆ ಒಂದೂ ಸಿಗಲಿಲ್ಲ. ನೊಬೆಲ್ ಬಂದದ್ದು 2009ರಲ್ಲಿ. ನೀವು ಐವತ್ತರವರೆಗೆ ಎಣಿಸಬಹುದು ಎಂದಾಯಿತು!

ಕೊನೆಯದಾಗಿ ತಂದೆತಾಯಂದಿರಿಗೆ. ಹೆಣ್ಣುಮಗಳು ಪಿಎಚ್.ಡಿ. ಮಾಡಿದಾಗ ಸಂಘ ಸನ್ಮಾನ ಮಾಡುತ್ತದೆ, ಶಾಲು ಹೊದಿಸುತ್ತದೆ. ಮರುದಿನ ಮನೆಯಲ್ಲಿ, ಇನ್ನು ಸಾಕು ಎನ್ನುತ್ತಾರೆ. ನನಗೂ ಊರಿನ ಪಕ್ಕದ ಕಾಲೇಜಿನಲ್ಲಿ ಕೆಲಸ ಗೊತ್ತಾಗಿತ್ತು. ಅಮ್ಮಿ ಅತ್ತರು. ಕೊನೆಗೆ ಅಬ್ಬಾ, "ಎರಡು ವರ್ಷ ಅಂದಿದ್ದಾಳೆ, ಎರಡು ವರ್ಷ ಎಷ್ಟು ಹೊತ್ತು" ಎಂದರು. ಮದುವೆ, ಮಕ್ಕಳು ಎಂದು ಮಧ್ಯೆ ಬಿಟ್ಟವರಿಗೂ ದಾರಿ ಇದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಯಲ್ಲಿ ಮಹಿಳೆಯರಿಗೇ ಪೋಸ್ಟ್ ಡಾಕ್ ಫೆಲೋಶಿಪ್ ಇದೆ. ಹಂಬೋಲ್ಟ್‌ನವರು ಮಕ್ಕಳ ಪಾಲನೆಯ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಆ ನಾಲ್ಕು ವರ್ಷದ ಮಿತಿಯನ್ನು ವಿಸ್ತರಿಸುತ್ತಾರೆ. ಅರ್ಜಿ ಹಾಕುವ ವರ್ಷದ ನಿಯಮ ಓದಿಕೊಳ್ಳಿ, ಇವು ಬದಲಾಗುತ್ತಿರುತ್ತವೆ.

ಊಟದ ನಂತರ ನಾನು ವಾಚನಾಲಯದ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇರುತ್ತೇನೆ. ಯಾರಾದರೂ ಯಾವುದೇ ಪ್ರಾಧ್ಯಾಪಕರಿಗೆ ಪತ್ರ ಬರೆದಿದ್ದರೆ ತನ್ನಿ, ಒಟ್ಟಿಗೆ ಕುಳಿತು ತಿದ್ದೋಣ. ಬರೆದಿಲ್ಲದವರು ತಾವು ಇತ್ತೀಚೆಗೆ ಓದಿದ ಒಂದು ಸಂಶೋಧನಾ ಪ್ರಬಂಧದ ಹೆಸರನ್ನಾದರೂ ಚೀಟಿಯಲ್ಲಿ ಬರೆದು ತನ್ನಿ. ಅಲ್ಲಿಂದ ಶುರು ಮಾಡೋಣ.